ಬೇಕಾದ ಬಿಳುಪು, ಬೇಡದ ಬಿಳುಪು

ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸಿದ ಅಕ್ಷರಗಳು ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮೀನಿನ ಪೊರೆಯ ಹಾಗೆ ಮಿನುಗುತ್ತಿದ್ದವು. ಅಂಗೈಯಲ್ಲಿ ಹಿಡಿಸುವ ಕಡು ಬೂದು ಬಣ್ಣದ ಗೂಡ್ಸ್ ವ್ಯಾಗನ್. ಅದರ ಮಗ್ಗುಲಿಗೆ ಬಿಳಿಯ ‘ಜಿ’, ಬಿಳಿಯ ‘ಡಬ್ಲ್ಯೂ’. ಅಕ್ಷರ ಬಿಳಿಯಾಗಿಯೇ ಇತ್ತು, ಅದು ಸರಿ. ಅದರ ಸುತ್ತ, ಏನೂ ಇರಬಾರದ ಜಾಗದಲ್ಲಿ, ಮಸುಕು ಬೆಳ್ಳಿಯ ಒಂದು ಚೌಕ ಮೂಡಿತ್ತು. ‘ಇದು ಬಣ್ಣ ಬಳಿದ ಅಕ್ಷರ ಅಲ್ಲ, ಅಂಟಿಸಿದ ಸ್ಟಿಕ್ಕರ್’ ಎಂದು ಚೌಕ ಕೂಗಿ ಹೇಳುತ್ತಿತ್ತು. ಮಾದರಿ ರೈಲು ಮಾಡುವವರು ಇದನ್ನು ‘ಸಿಲ್ವರಿಂಗ್’ ಅನ್ನುತ್ತಾರೆ. ಕಿಟ್ ಕಳಿಸಿದ್ದು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ. ಫೋಟೋ ನೋಡಿ ಅವನು ನಕ್ಕ. “ಮಾವಾ, ಹೊಳಪಿನ ವಾರ್ನಿಷ್ ಹೊಡೆಯದೆ ಹಾಗೇ ಅಂಟಿಸಿದಿರಾ?”

ಹಾಗೇ ಅಂಟಿಸಿದ್ದೆ. ವ್ಯಾಗನ್ನು ಚೊಕ್ಕ ಮ್ಯಾಟ್ ಬಣ್ಣದಲ್ಲಿತ್ತು, ಅದರ ಮೇಲೆ ಹೊಳಪು ಹಚ್ಚಿ ಯಾಕೆ ಕೆಡಿಸಲಿ ಅನ್ನಿಸಿತ್ತು.

ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯ ಮಾದರಿ ರೈಲಿನ ಅಳತೆಗೆ ‘ಡಬಲ್ ಓ’ ಎಂದು ಹೆಸರು. ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿ.ಮೀ., ಅಂದರೆ 76ರಲ್ಲಿ ಒಂದು ಪಾಲು. ತಮಾಷೆಯೆಂದರೆ ಹಳಿ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. 1435 ಮಿ.ಮೀ. ಅಗಲದ ಹಳಿ 18.83 ಮಿ.ಮೀ. ಆಗಬೇಕಿತ್ತು, ಇರುವುದು 16.5. ಬ್ರಿಟಿಷ್ ಎಂಜಿನುಗಳು ಯುರೋಪಿನವಕ್ಕಿಂತ ಗಿಡ್ಡ, ಕಿರಿದು. ಆ ಕಾಲದ ಮೋಟರು ಒಳಗೆ ಹಿಡಿಸಲಿಲ್ಲವೆಂದು ಯುರೋಪಿನ ಮಾದರಿಗಳ ಹಳಿಯನ್ನು ಹಾಗೇ ಇಟ್ಟುಕೊಂಡು ಮೇಲಿನ ಒಡಲನ್ನು ಮಾತ್ರ ದೊಡ್ಡದು ಮಾಡಿದರು. ಹಳಿಯ ಮೇಲೆ ಇಷ್ಟು ದೊಡ್ಡ ಸುಳ್ಳನ್ನು ನುಂಗಿಕೊಂಡ ಜನ ಅಕ್ಷರದ ಅರ್ಧ ಮಿಲಿಮೀಟರಿಗೆ ಜಗಳ ಆಡುತ್ತಾರೆ!

ಜಗಳಕ್ಕೆ ಕಾರಣವೂ ಇದೆ. ವ್ಯಾಗನ್ನಿನ ಕಾಲವನ್ನು ಹೇಳುವುದು ಅಕ್ಷರವೇ. ನನ್ನ ಮೇಜಿನ ಮೇಲಿದ್ದದ್ದು ಗ್ರೇಟ್ ವೆಸ್ಟರ್ನ್ ರೈಲ್ವೆಯದು. 1904ರಿಂದ ಆ ಕಂಪನಿ ತನ್ನ ವ್ಯಾಗನ್ನುಗಳ ಮೇಲೆ 25 ಇಂಚಿನ ಭಾರೀ ‘ಜಿ ಡಬ್ಲ್ಯೂ’ ಬರೆಸುತ್ತಿತ್ತು. 1920ರ ದಶಕದಲ್ಲಿ ಅದು 16 ಇಂಚಿಗೆ ಇಳಿಯಿತು. 1936ರ ಹೊತ್ತಿಗೆ, ಖರ್ಚು ಉಳಿಸಲು, ಮೂಲೆಯಲ್ಲಿ ಕಂಡೂ ಕಾಣದ 5 ಇಂಚು. ಮಾದರಿಯಲ್ಲಿ 25 ಇಂಚು ಎಂದರೆ 8.3 ಮಿ.ಮೀ., 16 ಇಂಚು 5.3, 5 ಇಂಚು ಒಂದು ಸಾಸಿವೆ ಕಾಳು. ಮೂರಿಂಚಿನ ಅಕ್ಷರ ಬಂದರೆ ಅದು ರಾಗಿ ಕಾಳು. ಅದನ್ನು ಕೈಯಿಂದ ಬರೆಯುವ ಗಟ್ಟಿಗರೂ ಇದ್ದಾರೆ. ನಾನಂತೂ ಅವರಲ್ಲಿ ಒಬ್ಬನಲ್ಲ.

ಇನ್ನೂ ಸೊಗಸು ಬೇಕಿದ್ದರೆ ಖಾಸಗಿ ಒಡೆಯರ ಕಲ್ಲಿದ್ದಲು ವ್ಯಾಗನ್ನುಗಳಿವೆ. ಎರಡನೇ ಮಹಾಯುದ್ಧದವರೆಗೆ ಬ್ರಿಟನ್ನಿನ ಗಣಿಗಳು, ಕಲ್ಲಿದ್ದಲು ವ್ಯಾಪಾರಿಗಳು, ಗ್ಯಾಸ್ ಕಂಪನಿಗಳು ಸ್ವಂತ ವ್ಯಾಗನ್ ಇಟ್ಟುಕೊಂಡಿದ್ದವು. ಅಂಥವು ಐದು ಲಕ್ಷಕ್ಕೂ ಹೆಚ್ಚು. ಪ್ರತಿಯೊಂದೂ ಓಡಾಡುವ ಜಾಹೀರಾತು ಫಲಕ: ಕೆಂಪು ಹಲಗೆಯ ಮೇಲೆ ನೆರಳು ಕೊಟ್ಟ ಬಿಳಿ ಅಕ್ಷರ, ಕೆಳಗೆ ಊರಿನ ಹೆಸರು, ಖಾಲಿಯಾದ ಮೇಲೆ ಎಲ್ಲಿಗೆ ವಾಪಸ್ ಕಳಿಸಬೇಕೆಂಬ ಸೂಚನೆ. ಓರೆಯಾಗಿ ಎಳೆದ ಬಿಳಿ ಪಟ್ಟೆ ಅಲಂಕಾರಕ್ಕಲ್ಲ; ಯಾವ ತುದಿಯ ಬಾಗಿಲು ತೆರೆಯುತ್ತದೆ ಎಂದು ದೂರದಿಂದಲೇ ಗೊತ್ತಾಗಲಿ ಎಂದು. 1939ರಲ್ಲಿ ಯುದ್ಧಕ್ಕಾಗಿ ಇವನ್ನೆಲ್ಲ ಸರ್ಕಾರ ಒಟ್ಟುಗೂಡಿಸಿತು, 1948ರಲ್ಲಿ ರೈಲ್ವೆಗಳ ರಾಷ್ಟ್ರೀಕರಣದೊಂದಿಗೆ ಇವುಗಳ ಒಡೆತನವೂ ಮುಗಿಯಿತು.

ಈಗ ಅವುಗಳ ಬಣ್ಣ ತಿಳಿಯುವುದು ಹೇಗೆ? ಹೊಸ ವ್ಯಾಗನ್ ಹೊರಬಿದ್ದಾಗ ತಯಾರಕರು ತೆಗೆಸಿಟ್ಟ ಕಪ್ಪು-ಬಿಳುಪು ಚಿತ್ರಗಳಿವೆ. ಗ್ಲೌಸ್ಟರ್‌ನ ವ್ಯಾಗನ್ ಕಂಪನಿಯ ಚಿತ್ರಗಳಂತೂ ಈ ಹವ್ಯಾಸಿಗಳಿಗೆ ಪಾರಾಯಣ ಗ್ರಂಥ. ಅಲ್ಲೊಂದು ಮೋಸ ಇದೆ. ಆಗಿನ ಆರ್ಥೋಕ್ರೊಮ್ಯಾಟಿಕ್ ಫೋಟೋ ತಟ್ಟೆಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಕೆಂಪು ವ್ಯಾಗನ್ನು ಚಿತ್ರದಲ್ಲಿ ಕಪ್ಪಗೆ ಬರುತ್ತದೆ, ನೀಲಿಯದು ಬೆಳ್ಳಗೆ. ಚಿತ್ರ ನೋಡಿ ಕಪ್ಪು ಬಳಿದವರು ಎಷ್ಟು ಜನವೋ.

ಬಿಳಿಯ ವಿಷಯಕ್ಕೆ ಬರುತ್ತೇನೆ. ಈ ಕೆಲಸದ ಗುಟ್ಟೆಲ್ಲ ಅಲ್ಲೇ ಇದೆ.

ಬಿಳಿ ಬಣ್ಣದ ಪುಡಿಯ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಬಿಳಿಯಲ್ಲ, ಪಾರದರ್ಶಕ. ಇಂದಿನ ಬಿಳಿ ಬಣ್ಣದಲ್ಲಿರುವುದು ಟೈಟಾನಿಯಂ ಡೈ ಆಕ್ಸೈಡ್. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 2.7, ಸುತ್ತಲಿನ ಅಂಟಿನದು ಸುಮಾರು 1.5. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಈ ಎರಡು ಅಂಕಿಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಗಡಿಯಲ್ಲಿ ಹೆಚ್ಚು ಬೆಳಕು ಹಿಂತಿರುಗುತ್ತದೆ, ದಾರಿ ತಪ್ಪುತ್ತದೆ. ಕೋಟ್ಯಂತರ ಗಡಿಗಳಲ್ಲಿ ದಿಕ್ಕೆಟ್ಟ ಬೆಳಕು ಒಟ್ಟಾಗಿ ನಮ್ಮ ಕಣ್ಣಿಗೆ ಬಂದಾಗ ‘ಬಿಳಿ’ ಅನ್ನುತ್ತೇವೆ. ಹಾಲಿನ ನೊರೆ, ಸಕ್ಕರೆ ಪುಡಿ, ಅರಳು, ಎಲ್ಲದರ ಬಿಳುಪೂ ಹೀಗೆ ಬಂದದ್ದೇ.

ಹಿಂದಿನ ರೈಲ್ವೆಗಳಿಗೆ ಟೈಟಾನಿಯಂ ಸಿಕ್ಕಿರಲಿಲ್ಲ. ಅವರ ಬಿಳಿ ಸೀಸದ್ದು. ಎಷ್ಟೋ ವ್ಯಾಗನ್ನುಗಳ ಬೂದು ಬಣ್ಣವೂ ಸೀಸದ ಬಿಳಿಗೆ ಕಪ್ಪು ಬೆರೆಸಿದ್ದು. ಕಲ್ಲಿದ್ದಲು ಉರಿಸುವ ಊರುಗಳ ಗಾಳಿಯಲ್ಲಿ ಗಂಧಕದ ಅನಿಲಗಳಿರುತ್ತವೆ. ಹೈಡ್ರೋಜನ್ ಸಲ್ಫೈಡ್ ತಗುಲಿದರೆ ಸೀಸ ಕಪ್ಪು ಸೀಸದ ಸಲ್ಫೈಡ್ ಆಗುತ್ತದೆ. ಷೆಡ್ಡಿನಿಂದ ತಿಳಿಬೂದಾಗಿ ಹೊರಟ ವ್ಯಾಗನ್ ಕೆಲವು ವರ್ಷಕ್ಕೆ ಕಡುಬೂದು. ಹಾಗಾದರೆ ಮಾದರಿಗೆ ಯಾವ ಬೂದು ಬಳಿಯಬೇಕು? ಹತ್ತು ವ್ಯಾಗನ್ ಇದ್ದರೆ ಹತ್ತು ಬೂದು ಎಂಬುದು ನನ್ನ ಉತ್ತರ. ಒಂದೇ ಡಬ್ಬಿಯಿಂದ ಹತ್ತಕ್ಕೂ ಬಳಿದ ಸಾಲು ನೋಡಿದರೆ ಅಂಗಡಿಯ ಷೋಕೇಸು ನೆನಪಾಗುತ್ತದೆ. ಇನ್ನು 1936ರ ನಂತರ ಬ್ರಿಟನ್ನಿನ ಇನ್ನೊಂದು ಕಂಪನಿ ಎಲ್.ಎಂ.ಎಸ್. ರೈಲ್ವೆ ಹಿಡಿದ ‘ಬಾಕ್ಸೈಟ್’ ಬಣ್ಣ ನಮಗೆ ಹೊಸದಲ್ಲ. ಕಬ್ಬಿಣದ ಆಕ್ಸೈಡಿನ ಕೆಮ್ಮಣ್ಣು ಬಣ್ಣ, ನಮ್ಮ ಕಾವಿಯ ನೆಂಟ. ಕಬ್ಬಿಣ ಆಗಲೇ ತುಕ್ಕು ಹಿಡಿದಾಗಿರುವುದರಿಂದ ಹೊಗೆಗೂ ಬಿಸಿಲಿಗೂ ಅದು ಸುಲಭಕ್ಕೆ ಜಗ್ಗುವುದಿಲ್ಲ.

ಬಣ್ಣ ಬಳಿಯುವ ಮೊದಲು ಪ್ಲಾಸ್ಟಿಕ್ ಒಡಲನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಬೇಕು. ಅಚ್ಚಿನಿಂದ ಸಲೀಸಾಗಿ ಬಿಡಲಿ ಎಂದು ಹಚ್ಚಿದ ಜಿಡ್ಡು ಅದರ ಮೇಲೆ ಉಳಿದಿರಬಹುದು. ನೀರಿನ ಬಣ್ಣ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಮುದುಡುತ್ತದೆ. ಆಮೇಲಿನ ಶತ್ರು ದಪ್ಪ. ಬ್ರಷ್ಷಿನ ಒಂದು ಕೋಟ್ ಒಣಗಿ 30 ಮೈಕ್ರೋಮೀಟರ್ ಆಯಿತು ಎಂದಿಟ್ಟುಕೊಳ್ಳಿ. 76ರಿಂದ ಗುಣಿಸಿದರೆ ನಿಜದ ವ್ಯಾಗನ್ನಿನ ಮೇಲೆ ಎರಡು ಮಿಲಿಮೀಟರಿಗೂ ಹೆಚ್ಚು. ವ್ಯಾಗನ್ನಿಗೆ ನೀರುದೋಸೆ ಹೊದಿಸಿದ ಹಾಗೆ. ಮೂರು ಕೋಟ್ ಹೊಡೆದರೆ ಹಲಗೆಗಳ ನಡುವಿನ ಗೀರು, ಬೋಲ್ಟಿನ ತಲೆ ಎಲ್ಲ ಮಾಯ. ಅದಕ್ಕೇ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ ಏರ್‌ಬ್ರಷ್‌ನಲ್ಲಿ ಮಂಜಿನಂತೆ ಊದುವುದು.

ಇನ್ನು ಟ್ರಾನ್ಸ್‌ಫರ್, ಅಂದರೆ ಅಂಟಿಸುವ ಅಕ್ಷರ. ಬಬಲ್‌ಗಮ್ ಜೊತೆ ಬರುತ್ತಿದ್ದ ಚಿತ್ರವನ್ನು ಕೈಮೇಲೆ ಇಟ್ಟು ಒದ್ದೆ ಬಟ್ಟೆ ಒತ್ತಿದವರಿಗೆ ಇದು ಅರ್ಧ ಗೊತ್ತು. ವ್ಯಾಗನ್ನಿಗೆ ಹೆಚ್ಚಾಗಿ ಬಳಸುವುದು ನೀರಿನಲ್ಲಿ ಜಾರಿಸುವ ಬಗೆ. ಕೆಳಗೆ ನೀರು ಹೀರುವ ಕಾಗದ, ಅದರ ಮೇಲೆ ಡೆಕ್ಸ್‌ಟ್ರಿನ್ ಎಂಬ ಅಂಟು, ಅದರ ಮೇಲೆ ಅಕ್ಷರವನ್ನು ಹೊತ್ತ ಪಾರದರ್ಶಕ ಮೆರುಗಿನ ತೆಳು ಪೊರೆ. ಡೆಕ್ಸ್‌ಟ್ರಿನ್ ಅಂದರೆ ಹುರಿದ ಪಿಷ್ಟ. ರೊಟ್ಟಿಯ ಕಂದು ಹೊಪ್ಪಳದಲ್ಲೂ ಅದಿದೆ, ನಾಲಿಗೆಯಲ್ಲಿ ನೆಕ್ಕಿ ಅಂಟಿಸುತ್ತಿದ್ದ ಲಕೋಟೆಯಲ್ಲೂ ಇತ್ತು. 1833ರಲ್ಲಿ ಬಿಯೋ ಮತ್ತು ಪೆರ್ಸೋ ಎಂಬ ಫ್ರೆಂಚ್ ವಿಜ್ಞಾನಿಗಳು ಇಟ್ಟ ಹೆಸರು ಅದು. ಅದರ ದ್ರಾವಣ ಧ್ರುವೀಕೃತ (ಒಂದೇ ಸಮತಲದಲ್ಲಿ ಕಂಪಿಸುವ) ಬೆಳಕಿನ ಕಂಪನವನ್ನು ಬಲಕ್ಕೆ ತಿರುಗಿಸುತ್ತದೆ. ಲ್ಯಾಟಿನ್ನಿನಲ್ಲಿ ‘ಡೆಕ್ಸ್‌ಟರ್’ ಎಂದರೆ ಬಲ.

ಕತ್ತರಿಸಿದ ತುಂಡನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ ತೆಗೆದಿಡಿ. ನೀರು ಕಾಗದದ ಬೆನ್ನಿನಿಂದ ಏರಿ ಅಂಟನ್ನು ಕರಗಿಸಲು ಅರ್ಧ ಒಂದು ನಿಮಿಷ ಬೇಕು. ಬೆರಳಿಟ್ಟು ನೋಡಿದರೆ ಅಕ್ಷರ ಜಾರುತ್ತದೆ. ವ್ಯಾಗನ್ನಿನ ಮೇಲೆ ಒಂದು ಹನಿ ನೀರು ಬಿಟ್ಟು, ಅದರ ಮೇಲೆ ಪೊರೆಯನ್ನು ತೇಲಿಸಿ, ಒದ್ದೆ ಬ್ರಷ್ಷಿನಿಂದ ಅತ್ತಿತ್ತ ಸರಿಸಿ, ನೇರವಾದ ಮೇಲೆ ಟಿಶ್ಯೂ ಮೂಲೆಯಿಂದ ನೀರು ಹೀರಬೇಕು. ಬರಿಯ ಒತ್ತುವ ಬಗೆಯ ಟ್ರಾನ್ಸ್‌ಫರುಗಳೂ, ಸ್ಪಿರಿಟ್ಟಿನಲ್ಲಿ ಕರಗುವವೂ ಇವೆ. ಅವುಗಳಲ್ಲಿ ಅಕ್ಷರದ ಸುತ್ತ ಪೊರೆಯೇ ಇಲ್ಲದ್ದರಿಂದ ಬೆಳ್ಳಿಯ ರಗಳೆ ಕಡಿಮೆ, ಆದರೆ ಇಟ್ಟ ಮೇಲೆ ಸರಿಸಲು ಅವಕಾಶವೂ ಕಡಿಮೆ. ಮನೆಯ ಪ್ರಿಂಟರಿನಲ್ಲೇ ತೆಗೆದುಕೊಳ್ಳೋಣ ಅಂದರೆ ಅದಕ್ಕೆ ಬಿಳಿ ಶಾಯಿಯೇ ಇಲ್ಲ. ಬಿಳಿಯನ್ನು ಕಾಗದದ ಪಾಲಿಗೆ ಬಿಟ್ಟ ಯಂತ್ರ ಅದು.

ನನ್ನ ತಪ್ಪು ಏನಾಗಿತ್ತು? ಮ್ಯಾಟ್ ಬಣ್ಣ ಕೈಗೆ ನುಣುಪು, ಸೂಕ್ಷ್ಮದರ್ಶಕಕ್ಕೆ ಗುಡ್ಡ-ಕಣಿವೆ. ಬೆಳಕನ್ನು ಎಲ್ಲ ಕಡೆ ಚೆದುರಿಸಿ ಹೊಳಪು ತಪ್ಪಿಸುವುದೇ ಆ ಒರಟುತನ. ಅದರ ಮೇಲೆ ಮಲಗಿದ ಪೊರೆ ಗುಡ್ಡದ ನೆತ್ತಿಗಳಿಗಷ್ಟೇ ತಾಗುತ್ತದೆ. ನೀರು ಆರಿದ ಮೇಲೆ ಕಣಿವೆಗಳಲ್ಲಿ ಉಳಿಯುವುದು ಗಾಳಿ. ಪೊರೆಯ ಸೂಚ್ಯಂಕ ಸುಮಾರು 1.5, ಬಣ್ಣದ ಅಂಟಿನದೂ ಹೆಚ್ಚುಕಡಿಮೆ ಅಷ್ಟೇ. ಎರಡೂ ತಾಗಿಕೊಂಡಿದ್ದರೆ ಬೆಳಕಿಗೆ ಗಡಿ ಇದ್ದದ್ದೇ ತಿಳಿಯುವುದಿಲ್ಲ. ನಡುವೆ 1.0ರ ಗಾಳಿ ಬಂದರೆ ಪೊರೆಯಿಂದ ಗಾಳಿಗೆ ದಾಟುವಾಗ ಸುಮಾರು 4 ಶೇಕಡ, ಗಾಳಿಯಿಂದ ಬಣ್ಣಕ್ಕೆ ದಾಟುವಾಗ ಇನ್ನೊಂದು 4 ಶೇಕಡ ಬೆಳಕು ಹಿಂದಕ್ಕೆ ಪುಟಿಯುತ್ತದೆ. ಕಡುಬೂದು ಬಣ್ಣ ತಾನೇ ಜಿಪುಣನಂತೆ ಬೆಳಕು ವಾಪಸ್ ಕೊಡುವಾಗ ಈ 8 ಶೇಕಡ ಢಾಳಾಗಿ ಕಾಣದೆ ಇರುತ್ತದೆಯೇ? ಅಕ್ಷರವನ್ನು ಬೆಳ್ಳಗೆ ಮಾಡಿದ ಅದೇ ಕಾರಣ ಅಕ್ಷರದ ಸುತ್ತಲೂ ಬಿಳುಪು ತಂದಿಟ್ಟಿತ್ತು.

ಬೋಂಡ ಕಟ್ಟಿಕೊಟ್ಟ ಪೇಪರು ನೋಡಿ. ಎಣ್ಣೆ ಹೀರಿದ ಕಡೆ ಬೆಳಕು ಹಾಯುತ್ತದೆ, ಆಚೆ ಬದಿಯ ಸುದ್ದಿಯೂ ಓದಲು ಸಿಗುತ್ತದೆ. ಕಾಗದದ ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿತು. ಎಣ್ಣೆಗೂ ನಾರಿಗೂ ಸೂಚ್ಯಂಕ ಹತ್ತಿರ, ಗಡಿಗಳು ಅಳಿಸಿದವು. ಹೊಳಪಿನ ವಾರ್ನಿಷ್ ಮಾಡುವುದೂ ಇದನ್ನೇ. ಅಂಟಿಸುವ ಮೊದಲೇ ಕಣಿವೆಗಳನ್ನು ತುಂಬಿ ಗಾಜಿನಂತೆ ಸಮ ಮಾಡುತ್ತದೆ. ಗಾಳಿಗೆ ಕೂರಲು ಜಾಗ ಸಿಗುವುದಿಲ್ಲ.

ಹಲಗೆಗಳ ನಡುವಿನ ಗೀರು ಮಾತ್ರ ವಾರ್ನಿಷ್ಷಿಗೆ ತುಂಬದು, ತುಂಬಲೂಬಾರದು. 16 ಇಂಚಿನ ಅಕ್ಷರ ಹಲಗೆಯಿಂದ ಹಲಗೆಗೆ ದಾಟುತ್ತದೆ, ಪೊರೆ ಗೀರಿನ ಮೇಲೆ ಕಾಲುಸಂಕದಂತೆ ನಿಂತುಬಿಡುತ್ತದೆ. ಅದಕ್ಕೆ ಎರಡು ದ್ರವಗಳಿವೆ. ಮೊದಲನೆಯದು ವಿನೆಗರಿನ ವಾಸನೆಯ ಸೌಮ್ಯ ದ್ರವ. ನೀರಿನ ಮೇಲ್ಮೈ ಎಳೆತ ತಗ್ಗಿಸಿ ಎಲ್ಲ ಸಂದಿಗೂ ಇಳಿಯುವಂತೆ ಮಾಡುತ್ತದೆ. ಎರಡನೆಯದು ಪೊರೆಯನ್ನೇ ಮೆತ್ತಗೆ ಮಾಡುವ ದ್ರಾವಕ. ಹಚ್ಚಿದ ಕೆಲವು ನಿಮಿಷಕ್ಕೆ ಅಕ್ಷರ ಸುಟ್ಟ ಹಪ್ಪಳದಂತೆ ಸುಕ್ಕುಗಟ್ಟುತ್ತದೆ. ಎದೆ ಧಸಕ್ಕೆನ್ನುವ ಈ ಹೊತ್ತಿನಲ್ಲಿ ಕೈ ಹಾಕಿದವನು ಕೆಟ್ಟ. ಸುಮ್ಮನಿದ್ದರೆ ದ್ರಾವಕ ಆರುತ್ತಾ ಪೊರೆ ತಾನೇ ಕುಗ್ಗಿ ಗೀರಿನೊಳಗೆ ಇಳಿದು ಕೂರುತ್ತದೆ. ಇಳಿಯದೆ ಉಳಿದಲ್ಲಿ ಹೊಸ ಬ್ಲೇಡಿನ ತುದಿಯಿಂದ ಗೀರಿನುದ್ದಕ್ಕೂ ಕೊಯ್ದು ಮತ್ತೊಂದು ಹನಿ ಬಿಡಬೇಕು.

ಕೊನೆಗೆ ಮ್ಯಾಟ್ ವಾರ್ನಿಷ್ ಹೊಡೆದು ಎಲ್ಲವನ್ನೂ ಒಂದೇ ಮಂಕಿಗೆ ತರಬೇಕು. ಇಲ್ಲಿ ಮಲೆನಾಡಿನವರಿಗೆ ಇನ್ನೊಂದು ಬೇಡದ ಬಿಳುಪು ಕಾದಿರುತ್ತದೆ. ಸ್ಪ್ರೇಯ ದ್ರಾವಕ ಸರ್ರನೆ ಆರುವಾಗ ಮೇಲ್ಮೈಯ ಬಿಸಿ ಕದ್ದೊಯ್ಯುತ್ತದೆ. ಆಷಾಢದ ಥಂಡಿ ಗಾಳಿಯಲ್ಲಿ ಆ ತಂಪಿಗೆ ತೇವ ಇಬ್ಬನಿಯಾಗಿ ಇಳಿದು ವಾರ್ನಿಷ್ಷಿನೊಳಗೆ ಸಿಕ್ಕಿಬೀಳುತ್ತದೆ, ವ್ಯಾಗನ್ನಿಗೆ ಬೂಸ್ಟು ಬಂದ ಹಾಗೆ ಕಾಣುತ್ತದೆ. ನಾನು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸ್ಪ್ರೇ ಡಬ್ಬಿ ಮುಟ್ಟುವುದೇ ಇಲ್ಲ.

ಆ ಬೆಳ್ಳಿಯ ಚೌಕವನ್ನು ಕಿತ್ತು ಹಾಕಲಿಲ್ಲ. ಸೂಜಿಯಿಂದ ಪೊರೆಗೆ ಹತ್ತಾರು ಚುಚ್ಚು ಕೊಟ್ಟು, ಆ ಎರಡನೇ ದ್ರವವನ್ನು ಮೂರು ಸಂಜೆ ಹಚ್ಚಿದೆ. ತೂತುಗಳಲ್ಲಿ ದ್ರವ ಇಳಿದಂತೆ ಬೆಳ್ಳಿ ಒಂದೊಂದೇ ಚುಕ್ಕೆಯಾಗಿ ನಂದಿತು. ‘ಡಬ್ಲ್ಯೂ’ ಬುಡದಲ್ಲಿ ಒಂದಿಷ್ಟು ಹಟ ಹಿಡಿದು ಉಳಿಯಿತು. ಅದರ ಮೇಲೆ ತೆಳುವಾದ ಕಂದು ಬಣ್ಣ ಹರಿಯಬಿಟ್ಟೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಬಣ್ಣ ಗೀರಿನುದ್ದಕ್ಕೂ ಓಡಿತು. ಆರುವಾಗ, ಮೇಜಿನ ಮೇಲೆ ಚೆಲ್ಲಿದ ಕಾಫಿ ಅಂಚಿನಲ್ಲಿ ಉಂಗುರ ಬಿಡುವ ಹಾಗೆ, ಕೊಳೆಯೆಲ್ಲ ಹನಿಯ ಅಂಚಿಗೆ ಸರಿದು ಸರಿಯಾಗಿ ಆ ಚುಕ್ಕೆಗಳ ಮೇಲೆಯೇ ನಿಂತಿತು. ಫೋಟೋ ಕಳಿಸಿದೆ. “ಈಗ ಸರಿ ಮಾವಾ,” ಅಂದ, “ಆ ಕೊಳೆ ಅಂತೂ ಅಸಲಿ ಥರ ಇದೆ.” ಅದರಡಿ ಏನಿದೆ ಎಂದು ನಾನು ಹೇಳಲು ಹೋಗಲಿಲ್ಲ.