ಬೆಲ್ಜಿಯಂ ಗುಹೆಯಲ್ಲಿ ಒಂದು ಕರುಳಬಳ್ಳಿ

ಬೆಲ್ಜಿಯಂ ದೇಶದ ಗೊಯೆ ಎಂಬಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ. 1860ರ ದಶಕದಲ್ಲಿ ಎಡುವಾರ್ ದ್ಯುಪೋಂ ಎಂಬ ಭೂವಿಜ್ಞಾನಿ ಅಲ್ಲಿ ಅಗೆಸಿದಾಗ ಪ್ರಾಣಿಗಳ ಮೂಳೆ ರಾಶಿರಾಶಿಯಾಗಿ ಸಿಕ್ಕಿತು. ನಡುನಡುವೆ ಮನುಷ್ಯರ ಮೂಳೆಗಳೂ ಇದ್ದವು. ಎಲ್ಲವೂ ಬ್ರಸೆಲ್ಸ್‌ನ ವಸ್ತುಸಂಗ್ರಹಾಲಯ ಸೇರಿದವು. ಸುಮಾರು ಒಂದೂವರೆ ಶತಮಾನದ ನಂತರ ಅವುಗಳಲ್ಲಿ ಕೆಲವನ್ನು ಚೂರೇ ಚೂರು ಕೊರೆದು, ಬಂದ ಪುಡಿಯಿಂದ ಡಿಎನ್‌ಎ ತೆಗೆದರು. ಅದರಲ್ಲಿ ಒಂದು ಮೂಳೆಯ ವಯಸ್ಸು 35,000 ವರ್ಷ. 2016ರಲ್ಲಿ ಫಲಿತಾಂಶ ಹೊರಬಂದಾಗ ಈ ಕ್ಷೇತ್ರದವರೆಲ್ಲ ಬೆಕ್ಕಸಬೆರಗಾದರು. ಆ ಮನುಷ್ಯನ ತಾಯಿಬಳ್ಳಿ ‘ಎಂ’ ಎಂಬ ಗುಂಪಿನದಾಗಿತ್ತು.

ಇದರಲ್ಲಿ ಬೆರಗಾಗುವಂಥದ್ದೇನು? ಇಂದಿನ ಯುರೋಪಿನ ಮೂಲದವರಲ್ಲಿ ಎಂ ಇಲ್ಲವೆನ್ನುವಷ್ಟು ಅಪರೂಪ. ನಮ್ಮ ದೇಶದಲ್ಲಾದರೆ ಹತ್ತು ಜನರಲ್ಲಿ ಹೆಚ್ಚುಕಡಿಮೆ ಆರು ಮಂದಿಯ ತಾಯಿಬಳ್ಳಿ ಅದೇ.

ತಾಯಿಬಳ್ಳಿ ಅಂದರೇನೆಂದು ಬಿಡಿಸಿ ಹೇಳಬೇಕು. ನಮ್ಮ ಜೀವಕೋಶಗಳೊಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಅಂಗಗಳಿವೆ. ಅವಕ್ಕೆ ಅವುಗಳದೇ ಆದ, ಉಂಗುರದ ಹಾಗೆ ಸುತ್ತಿಕೊಂಡ ಡಿಎನ್‌ಎ ಇದೆ: 16,569 ಅಕ್ಷರ (ಡಿಎನ್‌ಎ ಕಟ್ಟಿರುವ ಎ, ಸಿ, ಜಿ, ಟಿ ಎಂಬ ನಾಲ್ಕು ಬಗೆಯ ರಾಸಾಯನಿಕ ಘಟಕಗಳನ್ನೇ ಅಕ್ಷರ ಎನ್ನುತ್ತಾರೆ), 37 ಜೀನು, ಅಷ್ಟೇ. ಮಗುವಿಗೆ ಇದು ತಾಯಿಯ ಅಂಡದಿಂದ ಬರುತ್ತದೆ. ತಂದೆಯ ವೀರ್ಯಾಣುವಿನಲ್ಲಿರುವ ಮೈಟೊಕಾಂಡ್ರಿಯಾ ಉಳಿಯುವುದಿಲ್ಲ. ಹೀಗೆ ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಮಗಳಿಗೆ ಇಳಿಯುತ್ತಾ ಬರುವಾಗ ಯಾವಾಗಲೋ ಒಮ್ಮೆ ಒಂದು ಅಕ್ಷರ ಬದಲಾಗುತ್ತದೆ. ಬದಲಾದದ್ದು ಆ ಹೆಣ್ಣಿನ ಮಗಳ ಮಗಳ ಮಗಳಿಗೂ ಹಾಗೇ ಹೋಗುತ್ತದೆ. ಎಂ ಗುಂಪಿನ ಗುರುತುಗಳಲ್ಲೊಂದು 10400ನೇ ಅಕ್ಷರ. ಉಳಿದವರಲ್ಲಿ ಅಲ್ಲಿ ‘ಸಿ’ ಇದ್ದರೆ ಎಂ ಬಳ್ಳಿಯವರಲ್ಲಿ ‘ಟಿ’ ಇರುತ್ತದೆ.

ತುಳುನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಳಿಯಸಂತಾನ ಪಾಲಿಸುವ ಮನೆತನಗಳಲ್ಲಿ ‘ಬಳಿ’ ಬರುವುದು ತಾಯಿಯಿಂದ. ಮಗ ತನ್ನ ತಾಯಿಯ ಬಳಿಯವನೇ, ಆದರೆ ಅವನ ಮಕ್ಕಳಿಗೆ ಅವರ ತಾಯಿಯ ಬಳಿ. ಮನೆಯಲ್ಲಿ ಹತ್ತು ಗಂಡುಮಕ್ಕಳಿದ್ದರೂ ಒಂದು ಹೆಣ್ಣು ಇಲ್ಲದಿದ್ದರೆ ಬಳಿ ಅಲ್ಲಿಗೆ ನಿಂತಿತು. ಮೈಟೊಕಾಂಡ್ರಿಯಾದ ಲೆಕ್ಕವೂ ಅಕ್ಷರಶಃ ಇದೇ. ಗೊಯೆ ಗುಹೆಯವರ ಬಳ್ಳಿಗೆ ಏನಾಯಿತೆಂದು ತಿಳಿಯಲು ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಸಾಕು.

ಆಫ್ರಿಕದ ‘ಎಲ್3’ ಎಂಬ ಬಳ್ಳಿಯಿಂದ ಎರಡು ಕವಲೊಡೆದವು: ಎಂ ಮತ್ತು ಎನ್. ಆಫ್ರಿಕದ ಆಚೆಗಿನ ಜಗತ್ತಿನ ಮೂಲನಿವಾಸಿಗಳ ತಾಯಿಬಳ್ಳಿಗಳೆಲ್ಲ, ತೀರ ಕಡಿಮೆ ಅಪವಾದ ಬಿಟ್ಟರೆ, ಈ ಎರಡರ ಕುಡಿಗಳೇ. ಎಂ ಏಷ್ಯಾದಲ್ಲಿ ಹೇರಳ, ಯುರೋಪಿನಲ್ಲಿ ಇಲ್ಲ. ಹಾಗಾಗಿ ಬಹುಕಾಲ ಒಂದು ಸರಳ ಕಥೆ ಚಾಲ್ತಿಯಲ್ಲಿತ್ತು. ಎಂ ಬಳ್ಳಿಯವರು ಮೊದಲೇ ಹೊರಟು ಅರೇಬಿಯಾದ ಕರಾವಳಿ ಹಿಡಿದು ಭಾರತದತ್ತ ಬಂದರು, ಎನ್ ಬಳ್ಳಿಯವರು ಬೇರೆ ಸಮಯದಲ್ಲಿ ಉತ್ತರದ ದಾರಿ ಹಿಡಿದರು ಎಂಬುದು ಆ ಕಥೆ. ನಕ್ಷೆಯ ಮೇಲೆ ಎರಡು ಬಾಣ ಎಳೆದರೆ ಮುಗಿಯಿತು. ನನಗೂ ಅದು ಒಪ್ಪುವ ಹಾಗೇ ಇತ್ತು.

ಗೊಯೆ ಗುಹೆಯ ಮೂಳೆ ಆ ಬಾಣಗಳನ್ನು ಅಳಿಸಿಹಾಕಿತು. ಗೊಯೆಯಲ್ಲೇ ಇನ್ನೊಬ್ಬರಲ್ಲಿ, ಜೊತೆಗೆ ಫ್ರಾನ್ಸಿನ ಲಾ ರೊಶೆಟ್‌ನ ಒಬ್ಬರಲ್ಲಿ ಎಂ ಸಿಕ್ಕಿತು. 2020ರಲ್ಲಿ ಬಲ್ಗೇರಿಯದ ಬಾಚೊ ಕೀರೊ ಗುಹೆಯ ಸುಮಾರು 45,000 ವರ್ಷ ಹಳೆಯ ಅವಶೇಷಗಳಲ್ಲಿ ಎಂ ಮತ್ತು ಎನ್ ಎರಡೂ ಒಟ್ಟಿಗೇ ಕಂಡವು. ಅಂದರೆ ಎರಡೂ ಬಳ್ಳಿಯವರು ಒಂದೇ ದಾರಿಯಲ್ಲಿ, ಒಂದೇ ಬಿಡಾರದಲ್ಲಿ ಇದ್ದವರು.

ಹಾಗಾದರೆ ಯುರೋಪಿನ ಎಂ ಎಲ್ಲಿ ಹೋಯಿತು? ಸುಮಾರು 25,000 ವರ್ಷದ ಹಿಂದೆ ಹಿಮಯುಗ ತನ್ನ ತುತ್ತತುದಿ ಮುಟ್ಟುತ್ತಿತ್ತು. ಉತ್ತರ ಯುರೋಪಿನ ಮೇಲೆ ಹಿಮದ ಹಾಸು ಹರಡಿತು. ಅಳಿದುಳಿದ ಜನ ದಕ್ಷಿಣದ ಬೆಚ್ಚನೆಯ ಮೂಲೆಗಳಿಗೆ ಸರಿದು ಸಣ್ಣಸಣ್ಣ ಗುಂಪುಗಳಾದರು. ಗುಂಪು ಚಿಕ್ಕದಾದಷ್ಟೂ ಬಳ್ಳಿ ಕಡಿದುಹೋಗುವುದು ಸುಲಭ. ಇಪ್ಪತ್ತೇ ಹೆಂಗಸರಿರುವ ಗುಂಪಿನಲ್ಲಿ ಮೂವರದು ಎಂ ಬಳ್ಳಿ ಎಂದುಕೊಳ್ಳಿ; ಒಬ್ಬಳಿಗೆ ಮಕ್ಕಳಿಲ್ಲ, ಒಬ್ಬಳಿಗೆ ಬರೀ ಗಂಡುಮಕ್ಕಳು, ಇನ್ನೊಬ್ಬಳ ಮಗಳು ಎಳವೆಯಲ್ಲೇ ತೀರಿಕೊಂಡಳು. ಯಾರ ತಪ್ಪೂ ಇಲ್ಲದೆ, ಯಾವ ಯುದ್ಧವೂ ಇಲ್ಲದೆ ಒಂದು ಬಳ್ಳಿ ಒಣಗಿತು. ಹಿಮ ಕರಗಿದ ಮೇಲೆ ಅಲ್ಲಿ ಹಬ್ಬಿದ್ದು ‘ಯು5’ ಎಂಬ ಬೇರೆ ಬಳ್ಳಿ.

ನಮ್ಮ ಉಪಖಂಡದ ಕಥೆ ಬೇರೆ. ಇಲ್ಲಿ ಎಂ2, ಎಂ3, ಎಂ5, ಎಂ6, ಎಂ30 ಹೀಗೆ ಹಲವಾರು ಕವಲುಗಳು ನೇರ ಬುಡದಿಂದಲೇ, ಇಲ್ಲವೇ ಬುಡಕ್ಕೆ ತೀರ ಹತ್ತಿರದಿಂದ ಹೊರಟಿವೆ. ಒಂದು ಕುಂಬಳದ ಬೀಜ ಮೊಳೆತು ನಾಲ್ಕೂ ದಿಕ್ಕಿಗೆ ಕುಡಿ ಚಾಚಿ ಹಿತ್ತಿಲೆಲ್ಲ ತುಂಬಿಕೊಳ್ಳುತ್ತದಲ್ಲ, ಹಾಗೆ. ಬಂದವರು ಬೇಗ ಬೇಗ ಹೆಚ್ಚಿ ಹರಡಿದರೆಂಬುದಕ್ಕೆ ಇದೇ ಸಾಕ್ಷಿ. ಈ ಕವಲುಗಳಲ್ಲಿ ಬಹುಪಾಲು ಉಪಖಂಡದ ಹೊರಗೆ ಅಪರೂಪ. ಇಲ್ಲೇ ಚಿಗುರಿ ಇಲ್ಲೇ ಬೆಳೆದವು ಅವು. ಬುಡಕಟ್ಟಿನವರಲ್ಲೂ ಇವೆ, ಎಲ್ಲ ಜಾತಿಗಳಲ್ಲೂ ಇವೆ.

ಬಂದದ್ದು ಯಾವಾಗ ಎಂಬುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದು ಅದರ ಬೂದಿ ನಮ್ಮಲ್ಲಿವರೆಗೂ ಬಂದು ಬಿತ್ತು. ಆಂಧ್ರದ ಜ್ವಾಲಾಪುರಂನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೇಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು ಆ ಬೂದಿಯ ಪದರದ ಕೆಳಗೂ ಮೇಲೂ ಕಲ್ಲಿನ ಆಯುಧಗಳನ್ನು ಕಂಡು 2007ರಲ್ಲಿ ಪ್ರಕಟಿಸಿದರು. ಆಯುಧ ಮಾಡಿದ ಕೈ ಆಧುನಿಕ ಮಾನವರದೇ ಎಂಬುದು ಅವರ ವಾದ. ತಾಯಿಬಳ್ಳಿಯ ಗಡಿಯಾರ, ಅಂದರೆ ಅಕ್ಷರಗಳು ಬದಲಾಗುವ ವೇಗದಿಂದ ಕಾಲ ಎಣಿಸುವ ಲೆಕ್ಕ, ಬೇರೆ ಮಾತು ಹೇಳುತ್ತದೆ. 2016ರ ಅಧ್ಯಯನದ ಪ್ರಕಾರ ಎಂ, ಎನ್ ಎರಡೂ ಹಬ್ಬತೊಡಗಿದ್ದು 55,000 ವರ್ಷಗಳಿಂದ ಈಚೆಗೆ. ಜ್ವಾಲಾಪುರಂನಲ್ಲಿ ಮೊದಲು ಇದ್ದವರು ಆಧುನಿಕ ಮಾನವರೇ ಆಗಿದ್ದರೂ ಅವರ ಬಳ್ಳಿ ನಮ್ಮವರೆಗೆ ಮುಟ್ಟದೆ ಹೋಗಿರಬಹುದು. ಗೊಯೆಯಲ್ಲಿ ಆದದ್ದು ಇಲ್ಲೂ ಆಗಬಾರದೆಂದೇನಿಲ್ಲ.

ಭಾರತದಿಂದ ಆಚೆಗೂ ಬಳ್ಳಿ ಹರಿಯಿತು. 2005ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕುಮಾರಸಾಮಿ ತಂಗರಾಜ್, ಲಾಲ್‌ಜಿ ಸಿಂಗ್ ಮೊದಲಾದವರು ಅಂಡಮಾನಿನ ಓಂಗೆ ಮತ್ತು ಗ್ರೇಟ್ ಅಂಡಮಾನೀಯರಲ್ಲಿ ಎಂ31, ಎಂ32 ಎಂಬ ಪ್ರಾಚೀನ ಕವಲುಗಳನ್ನು ಗುರುತಿಸಿದರು. 2009ರಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯವರು ದೇಶದ 26 ಬುಡಕಟ್ಟುಗಳ 966 ಜನರ ಮೈಟೊಕಾಂಡ್ರಿಯಾವನ್ನು ಪೂರ್ತಿ ಓದಿದರು. ಅದರಲ್ಲಿ ಏಳೇ ಏಳು ಜನರ ಬಳ್ಳಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂ42 ಜೊತೆಗೆ ಬುಡದಲ್ಲಿ ಕೂಡಿಕೊಂಡಿತು. 966ರಲ್ಲಿ ಏಳು. ಒಂದು ತಲೆಮಾರಿನಲ್ಲಿ ಸ್ವಲ್ಪ ಅದೃಷ್ಟ ಕೆಟ್ಟಿದ್ದರೂ ಆ ಏಳೂ ಇರುತ್ತಿರಲಿಲ್ಲ, ಆ ನಂಟು ನಮಗೆ ಗೊತ್ತಾಗುತ್ತಲೂ ಇರಲಿಲ್ಲ.

ಇದನ್ನೆಲ್ಲ ಓದಿದವರು ‘ನಾವೇ ಮೂಲದವರು’ ಎಂದು ಎದೆತಟ್ಟಿಕೊಳ್ಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಒಬ್ಬೊಬ್ಬರಿಗೂ 1,024 ಹಿರಿಯರ ಸ್ಥಾನ. ಮೈಟೊಕಾಂಡ್ರಿಯಾ ಅವರಲ್ಲಿ ಒಬ್ಬಳೇ ಒಬ್ಬಳ ಸುದ್ದಿ ಹೇಳುತ್ತದೆ. ಉಳಿದ 1,023 ಜನ ಎಲ್ಲೆಲ್ಲಿಂದ ಬಂದರೆಂಬುದು ಅದಕ್ಕೆ ಗೊತ್ತಿಲ್ಲ. ಜಾತಿಯನ್ನಾಗಲಿ ಭಾಷೆಯನ್ನಾಗಲಿ ಅದರಿಂದ ಓದಲು ಬರುವುದಿಲ್ಲ.

ಎಂ ಬಳ್ಳಿಯ ಅತಿ ದೂರದ ಕುಡಿಗಳು ಪೂರ್ವ ಏಷ್ಯಾದಲ್ಲಿ ಸಿ ಮತ್ತು ಡಿ ಎಂಬ ಹೆಸರು ಪಡೆದು, ಸೈಬೀರಿಯಾ ದಾಟಿ, ಅಂದು ಸಮುದ್ರ ತಗ್ಗಿ ಮೇಲೆದ್ದಿದ್ದ ಬೆರಿಂಗ್ ನೆಲದ ಮೂಲಕ ಅಮೆರಿಕ ಮುಟ್ಟಿದವು. ಅಲ್ಲಿನ ಮೊಂಟಾನಾದಲ್ಲಿ ಸುಮಾರು 12,600 ವರ್ಷದ ಹಿಂದೆ ಒಂದು ಹಸುಗೂಸನ್ನು ಮಣ್ಣು ಮಾಡಿದ್ದರು. ವಯಸ್ಸು ಒಂದೋ ಎರಡೋ. ಮೂಳೆಗೆ ಕೆಮ್ಮಣ್ಣು ಅಂಟಿತ್ತು, ಜೊತೆಯಲ್ಲಿ ಕಲ್ಲಿನ ಆಯುಧಗಳ ದೊಡ್ಡ ಗಂಟೇ ಇತ್ತು. ಡಿಎನ್‌ಎ ಓದಿದಾಗ ಬಳ್ಳಿ ಡಿ4ಎಚ್3ಎ, ಅಂದರೆ ಎಂ ಗುಂಪಿನ ಕುಡಿ. ಗಂಡುಮಗು. ಬದುಕಿ ಬಾಳಿದ್ದರೂ ಅವನಿಂದ ಆ ಬಳ್ಳಿ ಮುಂದೆ ಹರಿಯುತ್ತಿರಲಿಲ್ಲ. ಅವನ ಮೂಳೆಯಲ್ಲಿದ್ದದ್ದು ಅವನ ಅವ್ವನ ಗುರುತು. 2014ರ ಬೇಸಿಗೆಯಲ್ಲಿ ಅಲ್ಲಿನ ಮೂಲನಿವಾಸಿಗಳು ಸೇರಿ, ತಮ್ಮ ಪದ್ಧತಿಯಂತೆ ಪ್ರಾರ್ಥಿಸಿ, ಮಗುವನ್ನು ಮತ್ತೆ ಮಣ್ಣಿಗೆ ಒಪ್ಪಿಸಿದರು.