‘ಮೇಲಿಂದ ದುಡ್ಡು ಬಂದಾಗ ಕೊಡ್ತೀನಿ’ ಅಂದ್ರೆ ಕಾಯಲೇಬೇಕಾ?

ಪ್ರಶ್ನೆ: ನಾನು ಸಬ್ ಕಾಂಟ್ರ್ಯಾಕ್ಟರ್. ಪ್ಲಂಬಿಂಗ್ ಕೆಲಸ ಮುಗಿಸಿ ನಾಲ್ಕು ತಿಂಗಳಾಯಿತು. ಮೇನ್ ಕಾಂಟ್ರ್ಯಾಕ್ಟರ್ ಮಾತ್ರ ‘ಮಾಲೀಕರು ಕೊಟ್ಟಿಲ್ಲ, ಬಂದಾಗ ಕೊಡ್ತೀನಿ’ ಅನ್ನುತ್ತಲೇ ಇದ್ದಾರೆ. ಕಾನೂನು ಇದನ್ನು ಒಪ್ಪುತ್ತದಾ?

ಉತ್ತರ: ಮೊದಲು ಕರಾರು ತೆಗೆದು ನೋಡಿ. ಅಲ್ಲಿರುವುದು ‘ಬಂದಾಗ’ ಅಂತಲೋ, ‘ಬಂದರೆ ಮಾತ್ರ’ ಅಂತಲೋ? ಅಮೆರಿಕದಲ್ಲಿ ಎಷ್ಟೋ ಕೇಸು ನಿಂತಿರುವುದು ಈ ಒಂದು ಪದದ ಮೇಲೆ. ‘ಬಂದಾಗ’ ಎಂಬುದು ಬರೀ ಸಮಯದ ಮಾತು, ಒಂದಷ್ಟು ದಿನ ಕಾದ ಮೇಲೆ ಕೊಡಲೇಬೇಕು ಎಂದು ಅಲ್ಲಿನ ಹೆಚ್ಚಿನ ಕೋರ್ಟುಗಳು ಓದುತ್ತವೆ. ‘ಬಂದರೆ ಮಾತ್ರ’ ಎಂದು ಸ್ಪಷ್ಟವಾಗಿದ್ದರೆ, ಮಾಲೀಕ ಕೈಯೆತ್ತಿದ ನಷ್ಟ ನಿಮ್ಮ ತಲೆಗೆ ಬರಬಹುದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕೋರ್ಟುಗಳು ಅಂಥ ಷರತ್ತನ್ನೇ ತಳ್ಳಿಹಾಕಿವೆ.

ಬ್ರಿಟನ್ 1996ರ ಕಾಯ್ದೆಯಲ್ಲಿ ಪದದ ಜಗಳವನ್ನೇ ಮುಗಿಸಿತು. ಮೇಲಿನವರು ದಿವಾಳಿಯಾದದ್ದು ಬಿಟ್ಟರೆ ಈ ನೆಪ ಅಲ್ಲಿ ನಡೆಯುವುದಿಲ್ಲ. ಹಣ ತಡವಾದರೆ 7 ದಿನದ ನೋಟಿಸ್ ಕೊಟ್ಟು ಕೆಲಸ ನಿಲ್ಲಿಸಬಹುದು. ತಕರಾರಿದ್ದರೆ ಮಧ್ಯಸ್ಥರೊಬ್ಬರು ಸಾಮಾನ್ಯವಾಗಿ 28 ದಿನದಲ್ಲಿ ತೀರ್ಮಾನ ಕೊಡಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವುದು ಈ 28 ದಿನ. ಆಳುಗಳಿಗೆ ವಾರ ವಾರ ಬಟವಾಡೆ ಮಾಡುವವರಿಗೆ ಐದು ವರ್ಷದ ನಂತರದ ಗೆಲುವು ಯಾಕೆ ಬೇಕು, ಅಲ್ವಾ?

ಭಾರತದಲ್ಲಿ 2006ರ ಎಂಎಸ್‌ಎಂಇ ಕಾಯ್ದೆ ಇದೆ. ಸಣ್ಣ ಮತ್ತು ಅತಿಸಣ್ಣ ಉದ್ಯಮಗಳಿಗೆ ಕರಾರಿನಲ್ಲಿ ಏನೇ ಬರೆದಿರಲಿ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆದರೆ ಸಾಮಗ್ರಿ, ಕೂಲಿ ಎರಡೂ ಸೇರಿದ ವರ್ಕ್ಸ್ ಕಾಂಟ್ರ್ಯಾಕ್ಟ್‌ಗೆ ಇದು ಹೊಂದುವುದಿಲ್ಲ ಎಂದು ಕೆಲವು ತೀರ್ಪುಗಳಿವೆ. ಹಾಗಾಗಿ ಇದೊಂದನ್ನೇ ನೆಚ್ಚಿಕೊಂಡು ಕೂರಬೇಡಿ.

ಮಾಲೀಕರನ್ನೇ ನೇರವಾಗಿ ಕೇಳಬಹುದಾ? ಸಾಮಾನ್ಯವಾಗಿ ಇಲ್ಲ. ನಿಮ್ಮ ಕರಾರು ಅವರ ಜೊತೆ ಇಲ್ಲವಲ್ಲ. ಅಮೆರಿಕದಲ್ಲಿ ಕಟ್ಟಡದ ಮೇಲೆಯೇ ಹಕ್ಕು ಹೂಡಲು ಬರುತ್ತದೆ. ಸರ್ಕಾರಿ ಕಟ್ಟಡಕ್ಕೆ ಅದು ನಡೆಯದು. ಅದಕ್ಕೇ 1935ರ ಮಿಲ್ಲರ್ ಕಾಯ್ದೆ ಫೆಡರಲ್ ಕಾಮಗಾರಿಗಳ ಮೇನ್ ಕಾಂಟ್ರ್ಯಾಕ್ಟರಿಂದ ಮೊದಲೇ ಬಾಂಡ್, ಅಂದರೆ ಕೆಳಗಿನವರ ಹಣಕ್ಕೆ ಖಾತರಿ ಪತ್ರ, ಬರೆಸಿಕೊಳ್ಳುತ್ತದೆ. ಕೆಲಸ ಮುಗಿದು 90 ದಿನವಾದರೂ ಹಣ ಬರದಿದ್ದರೆ ಆ ಬಾಂಡ್ ಮೇಲೆ ದಾವೆ ಹಾಕಬಹುದು. ಒಂದು ವರ್ಷ ದಾಟಿದರೆ ಅದೂ ಹೋಯಿತು.

ಎಲ್ಲ ಕಡೆಯೂ ಲೆಕ್ಕ ಶುರುವಾಗುವುದು ಒಂದು ತಾರೀಖಿನಿಂದ. ಫೋನಿನಲ್ಲಿ ಸುಮ್ನೆ ಕೇಳುತ್ತಾ ಕೂತರೆ ಆ ತಾರೀಖೇ ನಿಮ್ಮ ಕೈಲಿರುವುದಿಲ್ಲ. ಅಳತೆ ಪುಸ್ತಕಕ್ಕೆ ಸಹಿ ಹಾಕಿಸಿ, ಬಿಲ್ ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಅರ್ಧ ಹಣ ಕೊಟ್ಟು ‘ಪೂರ್ತಿ ಸಂದಾಯವಾಗಿದೆ’ ಎಂಬ ಕಾಗದ ಮುಂದಿಟ್ಟರೆ, ಎಷ್ಟೇ ಕಷ್ಟವಿದ್ದರೂ ಸಹಿ ಹಾಕಬೇಡಿ.