ಕಾರು ಕಂಪನಿಗೆ ನದಿ ಯಾಕೆ ಬೇಕಿತ್ತು?

ಸಣ್ಣ ಜಲವಿದ್ಯುತ್ ಘಟಕಗಳ ಟರ್ಬೈನ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಕಸುಬಿನವರು ಮಾತಿಗೆ ಕೂತರೆ ಫೋರ್ಡ್ ಹೆಸರು ಬರುವುದೇ ಇಲ್ಲ. ಬರಬೇಕಿತ್ತು. ಕಾರು ಕಂಪನಿ ಕಟ್ಟುವ ಮೊದಲು ಹೆನ್ರಿ ಫೋರ್ಡ್ ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಚೀಫ್ ಎಂಜಿನಿಯರ್ ಆಗಿದ್ದವರು. ಮುಂದೆ ಡಿಯರ್‌ಬಾರ್ನ್‌ನ ಸ್ವಂತ ಮನೆಗೂ ರೂಜ್ ನದಿಯಿಂದಲೇ ಕರೆಂಟ್ ಮಾಡಿಕೊಂಡರು.

ಅವರು ಸುಮ್ನೆ ದೊಡ್ಡ ಅಣೆಕಟ್ಟು ಕಟ್ಟಲು ಹೋಗಲಿಲ್ಲ. 1920ರಲ್ಲಿ ಮಿಷಿಗನ್‌ನ ನಾರ್ತ್‌ವಿಲ್‌ನಲ್ಲಿ ಎಂಜಿನ್ ವಾಲ್ವ್ ಮಾಡುವ ಪುಟ್ಟ ಕಾರ್ಖಾನೆ ಶುರುವಾಯಿತು. ಆಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಇಂಥವು ಒಂದೊಂದಾಗಿ ಬಂದವು, ಅನೇಕ ಕಡೆ ಹಳೆ ಹಿಟ್ಟಿನ ಗಿರಣಿಗಳ ಕಟ್ಟೆಯೇ ಸಾಕಾಯಿತು. ಕರೆಂಟ್ ಹುಟ್ಟುವ ಜಾಗದಲ್ಲೇ ಅದನ್ನು ಬಳಸುವ ಮಷಿನ್. ನಡುವೆ ಉದ್ದದ ಲೈನ್ ಇಲ್ಲ.

ಮಿನೆಸೋಟಾ ರಾಜ್ಯದ ಸೇಂಟ್ ಪಾಲ್‌ನದು ದೊಡ್ಡ ಲೆಕ್ಕ. ಮಿಸಿಸಿಪ್ಪಿಯಲ್ಲಿ ದೋಣಿ ಸಂಚಾರಕ್ಕೆಂದು ಸರ್ಕಾರವೇ ಕಟ್ಟಿದ್ದ ಅಣೆಕಟ್ಟಿಗೆ ಫೋರ್ಡ್ ಕಂಪನಿ 1924ರಲ್ಲಿ ಸುಮಾರು 18 ಮೆಗಾವಾಟ್‌ನ ಪವರ್ ಹೌಸ್ ಜೋಡಿಸಿತು. ಅಲ್ಲಿ ನೀರು ಬೀಳುವ ಎತ್ತರ, ಅಂದರೆ ನಾವು ಹೆಡ್ ಅನ್ನುವುದು, ಬರೀ 11 ಮೀಟರ್ ಹತ್ತಿರ. ಅಷ್ಟು ಕರೆಂಟ್ ಬೇಕಾದರೆ ಸೆಕೆಂಡಿಗೆ ಸುಮಾರು 200 ಟನ್ ನೀರು ಟರ್ಬೈನ್ ಒಳಗೆ ಹೋಗಬೇಕು ಅಂತ ನನ್ನ ಲೆಕ್ಕ.

ಹೆಡ್ ಕಡಿಮೆ ಇದ್ದರೆ ತಲೆನೋವು ಜಾಸ್ತಿ. ಒಂದು ಮಳೆಗಾಲದ ರಾತ್ರಿ ನಮ್ಮ 4 ಮೀಟರ್ ಹೆಡ್‌ನ ಘಟಕದಲ್ಲಿ ಲೋಡ್ ಇಳಿಯುತ್ತಲೇ ಹೋಯಿತು. ಟರ್ಬೈನ್ ವೇಗ ಹಿಡಿತದಲ್ಲಿಡುವ ಗವರ್ನರ್ ಕೆಟ್ಟಿದೆ ಅಂದುಕೊಂಡು ಪ್ಯಾನೆಲ್ ಬಿಚ್ಚಿ ಅರ್ಧ ಗಂಟೆ ಹಾಳು ಮಾಡಿದೆವು. ಟಾರ್ಚ್ ಹಿಡಿದು ಹೋಗಿ ನೋಡಿದರೆ ನೀರು ಒಳಬರುವ ಜಾಗದ ಕಂಬಿಗಳಿಗೆ ಹಲಸಿನ ಎಲೆ, ಬಾಳೆದಿಂಡು, ಒಂದು ಹವಾಯಿ ಚಪ್ಪಲಿ! ಕಂಬಿಯ ಆಚೆ ಈಚೆ ನೀರಿನ ಮಟ್ಟದಲ್ಲಿ ಒಂದೂವರೆ ಅಡಿ ವ್ಯತ್ಯಾಸ. ಹತ್ತರಲ್ಲಿ ಒಂದು ಪಾಲು ಹೆಡ್ ಕಸಕ್ಕೇ ಹೋಗಿತ್ತು.

ಫೋರ್ಡ್ ಕೈಗೆ ಸಿಗದ ನೀರೂ ಇದೆ. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಸರ್ಕಾರದ ಕಾರ್ಖಾನೆಗಳಿಗೆ 50 ಲಕ್ಷ ಡಾಲರ್ ಕೊಡುತ್ತೇನೆ, ಅಣೆಕಟ್ಟುಗಳನ್ನು 100 ವರ್ಷಕ್ಕೆ ಗುತ್ತಿಗೆ ಕೊಡಿ ಎಂದರು. ನದಿಯ ಕರೆಂಟ್ ಜನರ ಸ್ವತ್ತಾಗಿಯೇ ಇರಬೇಕು ಎಂದು ಸೆನೆಟರ್ ಜಾರ್ಜ್ ನಾರಿಸ್ ಬಿಡಲಿಲ್ಲ. 1924ರಲ್ಲಿ ಫೋರ್ಡ್ ಹಿಂದೆ ಸರಿದರು, 1933ರಲ್ಲಿ ಅದು ಟೆನೆಸ್ಸೀ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆಯ ಪಾಲಾಯಿತು. ನನಗೆ ನಾರಿಸ್ ಹೇಳಿದ್ದೇ ಸರಿ ಅನ್ನಿಸುತ್ತದೆ, ಒಂದಿಡೀ ನದಿಯನ್ನು ನೂರು ವರ್ಷ ಒಬ್ಬರ ಕೈಗೆ ಕೊಡುವುದು ಬೇರೆಯೇ ಮಾತು, ಅಲ್ವಾ?

ಸೇಂಟ್ ಪಾಲ್‌ನ ಪವರ್ ಹೌಸ್ 2008ರಲ್ಲಿ ಬ್ರೂಕ್‌ಫೀಲ್ಡ್ ಕಂಪನಿಗೆ ಮಾರಾಟವಾಯಿತು. ಪಕ್ಕದ ಫೋರ್ಡ್ ಕಾರ್ಖಾನೆ 2011ರಲ್ಲಿ ಬಾಗಿಲು ಹಾಕಿತು.